5 ಕಿಲೋ ನಾಯಿಯ ತಟ್ಟೆ: ಸಣ್ಣ ತಳಿಗೆ ಆಹಾರ ಆರಿಸುವ ಬಗೆ

ನಮ್ಮ ಮನೆಯ ಬಿಳಿ ಸ್ಪಿಟ್ಜ್ ನಾಯಿ 5 ಕಿಲೋ ತೂಗಬೇಕಾಗಿತ್ತು. ಅದಕ್ಕೆ ನಾಲ್ಕು ವರ್ಷವಾಗಿದ್ದಾಗ, ಒಂದು ಬೇಸಿಗೆಯಲ್ಲಿ ಲಸಿಕೆ ಹಾಕಿಸಲು ಕರೆದೊಯ್ದರೆ, ಪಶುವೈದ್ಯರ ತಕ್ಕಡಿ 6 ಕಿಲೋ 400 ಗ್ರಾಂ ತೋರಿಸಿತು. ಹೆಚ್ಚಾದದ್ದು ಒಂದು ಕಿಲೋ ಚಿಲ್ಲರೆ ತಾನೇ ಎಂದು ನಾನು ಅಂದುಕೊಂಡೆ. 70 ಕಿಲೋ ಇರಬೇಕಾದ ಮನುಷ್ಯ 90 ಕಿಲೋ ಆದದ್ದಕ್ಕೆ ಇದು ಸಮ ಎಂದು ವೈದ್ಯರು ಲೆಕ್ಕ ಹಾಕಿ ತೋರಿಸಿದರು. ಮಹಡಿ ಮೆಟ್ಟಿಲು ಹತ್ತುವಾಗ, ಬಾಗಿಲ ಗಂಟೆ ಕೇಳಿ ಬೊಗಳುವಾಗ ಅದಕ್ಕೆ ಬಾತುಕೋಳಿ ಕೂಗಿದಂಥ ಕೆಮ್ಮು ಬರುತ್ತಿತ್ತು. ಸಣ್ಣ ತಳಿಗಳಲ್ಲಿ ಶ್ವಾಸನಾಳದ ಉಂಗುರಗಳು ಬಲಗುಂದಿ ಕುಸಿಯುವುದುಂಟೆಂದೂ, ಮೈಯಲ್ಲಿ ತುಂಬಿಕೊಂಡ ಕೊಬ್ಬು ಆ ತೊಂದರೆಯನ್ನು ಇನ್ನಷ್ಟು ಹೆಚ್ಚಿಸುತ್ತದೆಂದೂ ನನಗೆ ತಿಳಿದದ್ದು ಅಂದೇ.

ದಿನಕ್ಕೆ ಏನೇನು ಹಾಕುತ್ತೀರಿ ಎಂದು ಅವರು ಕೇಳಿದಾಗ ಪೂರ್ತಿ ಉತ್ತರ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಬೆಳಿಗ್ಗೆ, ಸಂಜೆ ಒಂದೊಂದು ಲೋಟ ಒಣ ಆಹಾರ ಹಾಕುತ್ತಿದ್ದೆ. ಅಮ್ಮ ಮಧ್ಯಾಹ್ನ ತಮ್ಮ ಊಟವಾದ ಮೇಲೆ ಒಂದು ಬಟ್ಟಲು ಹಾಲು ಅನ್ನ ಕಲಸಿ ಇಡುತ್ತಿದ್ದರು. ಮಕ್ಕಳು ಶಾಲೆಯಿಂದ ಬಂದವರು ತಮ್ಮ ಬಿಸ್ಕತ್ತಿನಲ್ಲಿ ಅದಕ್ಕೂ ಪಾಲು ಕೊಡುತ್ತಿದ್ದರು. ಒಬ್ಬೊಬ್ಬರೂ ಕೊಟ್ಟದ್ದು ಸ್ವಲ್ಪವೇ. ಆದರೆ 25 ಕಿಲೋ ನಾಯಿಯ ಮೈಯಲ್ಲಿ ಕರಗಿಹೋಗುವ ಸ್ವಲ್ಪ, 5 ಕಿಲೋ ನಾಯಿಯ ಮೈಯಲ್ಲಿ ಉಳಿದುಬಿಡುತ್ತದೆ. ಅಲ್ಲಿಂದಾಚೆಗೆ ಓದಿ, ಕೇಳಿ, ತೂಗಿ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಣ್ಣ ನಾಯಿಯ ಆಹಾರವನ್ನು ಮೊದಲು ಅದರ ತೂಕದ ಲೆಕ್ಕದಿಂದ, ಆಮೇಲೆ ಪೊಟ್ಟಣದ ಹಿಂಬದಿಯ ಬರಹದಿಂದ ಆರಿಸಬೇಕು. ಕಂಪನಿಯ ಹೆಸರು, ಮುಂಬದಿಯ ಚಿತ್ರ, ಅಂಗಡಿಯವರ ಶಿಫಾರಸು ಇವುಗಳ ಸರದಿ ಅದಾದ ಮೇಲೆ ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ಸಣ್ಣ ನಾಯಿ ಎಂದರೆ ಪೂರ್ತಿ ಬೆಳೆದಾಗ 10 ಕಿಲೋಗಿಂತ ಕಡಿಮೆ ತೂಗುವ ನಾಯಿ. ಶಿ ತ್ಸು, ಪಗ್, ಲಾಸಾ ಆಪ್ಸೊ, ಚಿಕ್ಕ ಡ್ಯಾಶ್‌ಹಂಡ್, ಚಿವಾವಾ, ಮತ್ತು ನಮ್ಮ ಊರುಗಳಲ್ಲಿ ದಶಕಗಳಿಂದ ಪಾಮೇರಿಯನ್ ಎಂದೇ ಕರೆಸಿಕೊಳ್ಳುತ್ತ ಬಂದಿರುವ ಸಣ್ಣ ಬಗೆಯ ಇಂಡಿಯನ್ ಸ್ಪಿಟ್ಜ್ ನಾಯಿಗಳೆಲ್ಲ ಈ ಗುಂಪಿಗೆ ಸೇರುತ್ತವೆ.

ಮೊದಲು ಲೆಕ್ಕ

ಸಣ್ಣ ನಾಯಿ ಒಟ್ಟಾರೆ ಕಡಿಮೆ ತಿನ್ನುತ್ತದೆ ಎಂಬುದು ನಿಜ, ಆದರೆ ಅದರ ಮೈಯ ಪ್ರತಿ ಕಿಲೋಗೆ ಬೇಕಾಗುವ ಶಕ್ತಿ ದೊಡ್ಡ ನಾಯಿಗಿಂತ ಹೆಚ್ಚು. ಪಶುವೈದ್ಯರು ಬಳಸುವ ಸೂತ್ರವನ್ನು ಮೊಬೈಲಿನ ಕ್ಯಾಲ್ಕುಲೇಟರಿನಲ್ಲೇ ಮಾಡಿಕೊಳ್ಳಬಹುದು. ನಾಯಿಯ ತೂಕವನ್ನು ಕಿಲೋದಲ್ಲಿ ಬರೆದು ಅದನ್ನು ಅದರಿಂದಲೇ ಎರಡು ಸಲ ಗುಣಿಸಿರಿ, ಬಂದದ್ದರ ಮೇಲೆ ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿರಿ, ಕೊನೆಗೆ 70ರಿಂದ ಗುಣಿಸಿರಿ. 5 ಕಿಲೋ ನಾಯಿಗೆ 5×5×5 ಎಂದರೆ 125. ಅದರ ವರ್ಗಮೂಲ 11.18, ಅದರ ವರ್ಗಮೂಲ 3.34, 70ರಿಂದ ಗುಣಿಸಿದರೆ ಸುಮಾರು 234. ಇದು ನಾಯಿ ಸುಮ್ಮನೆ ಮಲಗಿದ್ದರೂ ದಿನವೊಂದಕ್ಕೆ ಬೇಕಾಗುವ ಕಿಲೋ ಕ್ಯಾಲೊರಿ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ವಯಸ್ಕ ನಾಯಿಗೆ ಇದನ್ನು 1.6ರಿಂದ, ಆಗದ ನಾಯಿಗೆ 1.8ರಿಂದ ಗುಣಿಸಬೇಕು. ಫ್ಲ್ಯಾಟಿನಲ್ಲೇ ದಿನ ಕಳೆಯುವ, ತೂಕ ಬೇಗ ಏರುವ ನಾಯಿಗೆ 1.2ರಿಂದ 1.4 ಸಾಕಾಗುತ್ತದೆ. ನಾಲ್ಕು ತಿಂಗಳೊಳಗಿನ ಮರಿಗೆ 3ರಿಂದ, ಅದಕ್ಕಿಂತ ದೊಡ್ಡದಾದ ಬೆಳೆಯುವ ಮರಿಗೆ 2ರಿಂದ ಗುಣಿಸುವುದು ರೂಢಿ. ಹೀಗೆ ನೋಡಿದರೆ ಶಸ್ತ್ರಚಿಕಿತ್ಸೆಯಾದ 5 ಕಿಲೋ ನಾಯಿಗೆ ದಿನಕ್ಕೆ ಸುಮಾರು 374 ಕಿಲೋ ಕ್ಯಾಲೊರಿ, ಅಂದರೆ ಪ್ರತಿ ಕಿಲೋ ಮೈತೂಕಕ್ಕೆ 75. 25 ಕಿಲೋದ ಮುಧೋಳ ನಾಯಿಗೆ ಇದೇ ಸೂತ್ರದಲ್ಲಿ ಸುಮಾರು 1,250, ಅಂದರೆ ಪ್ರತಿ ಕಿಲೋಗೆ 50 ಮಾತ್ರ. ಸಣ್ಣ ನಾಯಿಯ ಪುಟ್ಟ ಹೊಟ್ಟೆಗೆ ಹಿಡಿಸುವಷ್ಟರಲ್ಲೇ ಹೆಚ್ಚು ಸತ್ವ ಅಡಗಿರಬೇಕಾದ ಕಾರಣ ಇದೇ.

ಈ ಸಂಖ್ಯೆ ಆರಂಭದ ಅಂದಾಜು. ಒಂದೇ ತೂಕದ ಎರಡು ನಾಯಿಗಳ ಅಗತ್ಯದಲ್ಲಿ ಸಾಕಷ್ಟು ವ್ಯತ್ಯಾಸವಿರಬಹುದು. ಆದ್ದರಿಂದ ನಾಯಿಯ ಮೈಯನ್ನು ಕೈಯಿಂದ ಮುಟ್ಟಿ ನೋಡುವುದನ್ನೂ ಕಲಿಯಬೇಕು. ನಿಮ್ಮ ಎಡಗೈಯನ್ನು ಬಿಚ್ಚಿ ಅಂಗೈ ಕೆಳಗೆ ಮಾಡಿ ಹಿಡಿದು, ಬೆರಳುಗಳ ಹಿಂಬದಿಯ ಮೂಳೆಗಳ ಮೇಲೆ ಬಲಗೈಯ ಬೆರಳು ಆಡಿಸಿರಿ. ತೆಳುವಾದ ಚರ್ಮದ ಕೆಳಗೆ ಮೂಳೆಗಳು ಒಂದೊಂದಾಗಿ ತಿಳಿಯುತ್ತವೆ. ನಾಯಿಯ ಪಕ್ಕೆಲುಬುಗಳು ಹಾಗೆ ತಿಳಿದರೆ ತೂಕ ಸರಿಯಿದೆ. ಅಂಗೈಯ ಮೆತ್ತನೆಯ ಭಾಗವನ್ನು ಒತ್ತಿದಂತೆ ಪಕ್ಕೆಲುಬನ್ನು ಹುಡುಕಬೇಕಾಗಿ ಬಂದರೆ ಕೊಬ್ಬು ಹೆಚ್ಚಾಗಿದೆ. ಬಿಗಿಮುಷ್ಟಿಯ ಗೆಣ್ಣುಗಳಂತೆ ಮೂಳೆ ಎದ್ದು ಕಂಡರೆ ನಾಯಿ ಸೊರಗಿದೆ. ಸ್ಪಿಟ್ಜ್, ಶಿ ತ್ಸು ತಳಿಗಳಂಥ ದಟ್ಟ ಕೂದಲಿನ ನಾಯಿಗಳಲ್ಲಿ ಕಣ್ಣಿನ ಅಂದಾಜು ಕೆಲಸಕ್ಕೆ ಬರುವುದಿಲ್ಲ. ನಮ್ಮ ನಾಯಿ ದಪ್ಪಗಾದದ್ದನ್ನು ನಾವು ಅದರ ತುಪ್ಪಳದ ಸೊಂಪು ಎಂದೇ ತಿಳಿದಿದ್ದೆವು.

ದಪ್ಪಗಿರುವ ನಾಯಿಯೇ ಚೆನ್ನಾಗಿ ಸಾಕಿದ ನಾಯಿ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. 2002ರಲ್ಲಿ ಪ್ರಕಟವಾದ, 48 ಲ್ಯಾಬ್ರಡಾರ್ ನಾಯಿಗಳನ್ನು ಮರಿಯಿಂದ ಕೊನೆಯವರೆಗೂ ಗಮನಿಸಿದ ಅಧ್ಯಯನದಲ್ಲಿ, ಜೊತೆಯ ನಾಯಿಗಿಂತ ಕಾಲು ಭಾಗ ಕಡಿಮೆ ಆಹಾರ ಪಡೆದ ನಾಯಿಗಳು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು. ಅವು ದೊಡ್ಡ ತಳಿಯ ನಾಯಿಗಳು ಎಂಬುದು ಸರಿ. ಆದರೆ ಉದ್ದ ಬೆನ್ನಿನ ಡ್ಯಾಶ್‌ಹಂಡ್, ಉಸಿರಾಟಕ್ಕೇ ಕಷ್ಟಪಡುವ ಪಗ್, ಮಂಡಿಚಿಪ್ಪು ಜಾರುವ ಸ್ಪಿಟ್ಜ್ ಇವುಗಳ ಮೇಲೆ ಒಂದು ಕಿಲೋ ಹೆಚ್ಚುವರಿ ಭಾರ ಏನು ಮಾಡುತ್ತದೆ ಎಂಬುದನ್ನು ನೋಡಿದವರಿಗೆ ಬೇರೆ ಪುರಾವೆ ಬೇಕಾಗುವುದಿಲ್ಲ.

ಮರಿಯ ಹೊಟ್ಟೆ, ಮುದಿ ನಾಯಿಯ ಹೊಟ್ಟೆ

ಸಣ್ಣ ತಳಿಯ ಮರಿಯ ಮೈಯಲ್ಲಿ ಸಕ್ಕರೆಯ ಸಂಗ್ರಹ ತೀರಾ ಕಡಿಮೆ. ಮೂರು ತಿಂಗಳೊಳಗಿನ ಮರಿ ಕೆಲವು ಗಂಟೆ ಉಪವಾಸವಿದ್ದರೆ ರಕ್ತದ ಸಕ್ಕರೆ ಕುಸಿದು ತೂರಾಡುತ್ತದೆ, ಮಂಕಾಗುತ್ತದೆ, ಕೆಲವೊಮ್ಮೆ ಸೆಳೆತವೂ ಬರುತ್ತದೆ. ಹಾಗಾದಾಗ ಬೆರಳಿಗೆ ಸ್ವಲ್ಪ ಜೇನುತುಪ್ಪವನ್ನೋ ದಪ್ಪ ಸಕ್ಕರೆ ನೀರನ್ನೋ ಸವರಿಕೊಂಡು ಅದರ ಒಸಡಿಗೆ ತಿಕ್ಕಿ, ಬೆಚ್ಚಗೆ ಹೊದೆಸಿ, ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಪ್ರಜ್ಞೆ ತಪ್ಪಿದ ಮರಿಯ ಬಾಯಿಗೆ ನೀರು ಸುರಿಯಬಾರದು. ಇದು ಬಾರದಂತೆ ನೋಡಿಕೊಳ್ಳಲು ದಿನಕ್ಕೆ ನಾಲ್ಕು ಹೊತ್ತು, ಮೂರರಿಂದ ಆರು ತಿಂಗಳವರೆಗೆ ಮೂರು ಹೊತ್ತು, ಆಮೇಲೆ ಎರಡು ಹೊತ್ತು ಆಹಾರ ಕೊಡುವುದು ಒಳ್ಳೆಯದು. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ಕೇಂದ್ರದ ನಿಯಮಗಳು ಹೇಳುತ್ತವೆ. ಆದರೂ ಒಂದು ತಿಂಗಳ ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕೊಡುವವರಿದ್ದಾರೆ. ಅಷ್ಟು ಎಳೆಯ ಮರಿಯ ಹಸಿವೆಯನ್ನು ಹೊಸ ಮನೆಯವರು ಸಂಭಾಳಿಸುವುದು ಬಹಳ ಕಷ್ಟ.

ಮರಿಗೆ ‘ಪಪ್ಪಿ’ ಅಥವಾ ಬೆಳವಣಿಗೆಯ ಹಂತಕ್ಕೆಂದು ಬರೆದಿರುವ ಸಂಪೂರ್ಣ ಆಹಾರವನ್ನೇ ಕೊಡಬೇಕು. ಅದನ್ನು ಕೊಡುತ್ತಿರುವಾಗ ಜೊತೆಗೆ ಕ್ಯಾಲ್ಸಿಯಂ ಸಿರಪ್ಪು, ಮಾತ್ರೆಗಳನ್ನು ವೈದ್ಯರು ಹೇಳದೆ ಕೊಡಬಾರದು. ಬೇಕಾದ ಕ್ಯಾಲ್ಸಿಯಂ ಅದರಲ್ಲೇ ಇರುತ್ತದೆ. ಸಣ್ಣ ತಳಿಗಳು ಹತ್ತರಿಂದ ಹನ್ನೆರಡು ತಿಂಗಳಿಗೆ ಬೆಳೆದು ನಿಲ್ಲುತ್ತವೆ, ಆಗ ವಯಸ್ಕ ನಾಯಿಯ ಆಹಾರಕ್ಕೆ ಬದಲಾಯಿಸಬಹುದು. ಮುದಿ ನಾಯಿಗೆ ‘ಸೀನಿಯರ್’ ಎಂದು ಬರೆದ ಚೀಲವೇ ಆಗಬೇಕೆಂದಿಲ್ಲ. ಮೂತ್ರಪಿಂಡ, ಹೃದಯಗಳು ಸರಿಯಿದ್ದರೆ ಹಳೆಯ ಆಹಾರವನ್ನೇ ಅಳತೆ ತಿದ್ದಿ ಮುಂದುವರಿಸಬಹುದು. ಅವು ಸರಿಯಿವೆಯೇ ಎಂಬುದನ್ನು ರಕ್ತಪರೀಕ್ಷೆ ಮತ್ತು ವೈದ್ಯರ ತಪಾಸಣೆಯೇ ಹೇಳಬೇಕು.

ಪೊಟ್ಟಣವನ್ನು ತಿರುಗಿಸಿ ಓದುವುದು

ಕರ್ನಾಟಕದಲ್ಲಿ ಒಣ ನಾಯಿ ಆಹಾರಕ್ಕೆಲ್ಲ, ಅದು ಯಾವ ಕಂಪನಿಯದೇ ಇರಲಿ, ಪೆಡಿಗ್ರಿ ಎನ್ನುವ ರೂಢಿ ಬೆಳೆದಿದೆ. ಅಂಗಡಿಗೆ ಹೋಗಿ ಒಂದು ಕಿಲೋ ಪೆಡಿಗ್ರಿ ಕೊಡಿ ಎಂದರೆ ಅಂಗಡಿಯವರು ತೆರೆದ ಚೀಲದಿಂದ ಬಿಡಿಯಾಗಿ ತೂಗಿ ಕೊಡುವುದೂ ಉಂಟು. ಹಾಗೆ ಬಿಡಿಯಾಗಿ ಕೊಳ್ಳಬಾರದು ಎಂಬುದು ನನ್ನ ಮೊದಲ ಸಲಹೆ. ತಯಾರಾದ ದಿನಾಂಕ, ಪದಾರ್ಥಗಳ ಪಟ್ಟಿ, ಯಾವ ವಯಸ್ಸಿನ ನಾಯಿಗೆ ಎಂಬ ವಿವರ ಯಾವುದೂ ನಿಮ್ಮ ಕೈಗೆ ಬರುವುದಿಲ್ಲ, ಚೀಲ ತೆರೆದು ಎಷ್ಟು ದಿನವಾಯಿತೆಂಬುದೂ ತಿಳಿಯುವುದಿಲ್ಲ.

ಮುಚ್ಚಿದ ಪೊಟ್ಟಣವನ್ನು ಕೈಗೆತ್ತಿಕೊಂಡು ಹಿಂಬದಿಗೆ ತಿರುಗಿಸಿ, ಮೊದಲು ‘ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್’ ಎಂಬ ಅರ್ಥದ ವಾಕ್ಯ ಇದೆಯೇ, ಅದು ಯಾವ ವಯಸ್ಸಿಗೆ ಎಂದು ನೋಡಿರಿ. ಅಮೆರಿಕದ ಆಫ್ಕೋ ಅಥವಾ ಯುರೋಪಿನ ಫೆಡಿಯಾಫ್ ಸಂಸ್ಥೆಯ ಪೋಷಕಾಂಶ ಮಟ್ಟಗಳಿಗೆ ಅನುಗುಣವಾಗಿದೆ ಎಂದು ಹೇಳಿದ್ದರೆ ಅಲ್ಲಿಗೊಂದು ಅಳತೆಗೋಲು ಸಿಕ್ಕಿತು. ಈ ಸಂಸ್ಥೆಗಳು ಯಾವ ಆಹಾರಕ್ಕೂ ಪ್ರಮಾಣಪತ್ರ ಕೊಡುವುದಿಲ್ಲ, ಮಟ್ಟವನ್ನು ಮಾತ್ರ ನಿಗದಿ ಮಾಡುತ್ತವೆ. ಅದನ್ನು ಪಾಲಿಸಿದ ಜವಾಬ್ದಾರಿ ತಯಾರಕರದು. ‘ಕಾಂಪ್ಲಿಮೆಂಟರಿ’, ‘ಟ್ರೀಟ್’, ‘ಟಾಪರ್’ ಎಂದು ಬರೆದಿದ್ದರೆ ಅದು ನಂಚಿಕೊಳ್ಳಲು ಮಾತ್ರ, ಊಟಕ್ಕಲ್ಲ. ಸಣ್ಣ ಗ್ರೇವಿ ಪೊಟ್ಟಣಗಳಲ್ಲಿ ಎರಡು ಬಗೆಯೂ ಒಂದೇ ಬಣ್ಣದ ಹೊದಿಕೆಯಲ್ಲಿ ಬರುವುದರಿಂದ ಇಲ್ಲಿ ಮೋಸಹೋಗುವುದು ಸುಲಭ.

ಮುಂದಿನದು ಪ್ರೋಟೀನು. ಆಫ್ಕೋ ಮಟ್ಟದ ಪ್ರಕಾರ ನೀರನ್ನು ಕಳೆದು ಉಳಿದ ಒಣ ಅಂಶದಲ್ಲಿ ವಯಸ್ಕ ನಾಯಿಗೆ ಕನಿಷ್ಠ ಶೇ 18, ಮರಿಗೆ ಕನಿಷ್ಠ ಶೇ 22.5 ಪ್ರೋಟೀನ್ ಇರಬೇಕು. ಕೊಬ್ಬು ಕ್ರಮವಾಗಿ ಶೇ 5.5 ಮತ್ತು ಶೇ 8.5. ‘ನೀರನ್ನು ಕಳೆದು’ ಎಂಬ ಮಾತು ಮುಖ್ಯ. ಒಣ ಆಹಾರದ ಪೊಟ್ಟಣದಲ್ಲಿ ಪ್ರೋಟೀನ್ ಶೇ 22, ತೇವಾಂಶ ಶೇ 10 ಎಂದಿದ್ದರೆ, 22ನ್ನು 90ರಿಂದ ಭಾಗಿಸಿದಾಗ ಶೇ 24.4 ಬರುತ್ತದೆ. ಗ್ರೇವಿ ಪೊಟ್ಟಣದಲ್ಲಿ ಪ್ರೋಟೀನ್ ಶೇ 8 ಎಂದು ಓದಿ ಬೇಡವೆಂದು ಬದಿಗಿಡುವವರಿದ್ದಾರೆ; ಅದರ ತೇವಾಂಶ ಶೇ 80 ಆಗಿದ್ದರೆ 8ನ್ನು 20ರಿಂದ ಭಾಗಿಸಬೇಕು, ಆಗ ಶೇ 40 ಆಗುತ್ತದೆ. ಹಾಗೆಂದು ಗ್ರೇವಿಯೊಂದನ್ನೇ ನೆಚ್ಚಿಕೊಂಡರೆ ಹೆಚ್ಚಿನ ಭಾಗ ನೀರೇ ಆದ್ದರಿಂದ 5 ಕಿಲೋ ನಾಯಿಯ ಹೊಟ್ಟೆ ತುಂಬಲು ದಿನಕ್ಕೆ ನಾಲ್ಕೈದು ಪೊಟ್ಟಣ ಬೇಕಾಗುತ್ತದೆ.

ಪದಾರ್ಥಗಳ ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು ಬರುತ್ತದೆ. ತಾಜಾ ಕೋಳಿಮಾಂಸ ಮೊದಲ ಹೆಸರಾಗಿದ್ದರೆ ಅದರ ತೂಕದಲ್ಲಿ ಬಹುಪಾಲು ನೀರೆಂಬುದನ್ನು ನೆನಪಿಡಬೇಕು. ‘ಚಿಕನ್ ಮೀಲ್’ ಎಂದರೆ ನೀರು ತೆಗೆದು ಒಣಗಿಸಿದ ಪುಡಿ, ಅದರಲ್ಲಿ ಪ್ರೋಟೀನ್ ಹೆಚ್ಚು, ಅದನ್ನು ಕೀಳಾಗಿ ಕಾಣಬೇಕಿಲ್ಲ. ಪಟ್ಟಿ ‘ಸಿರಿಯಲ್ಸ್’ ಎಂದು ಆರಂಭವಾಗಿ, ಮಾಂಸದ ಹೆಸರು ಯಾವ ಪ್ರಾಣಿಯದೆಂಬುದೂ ಇಲ್ಲದೆ ಎಲ್ಲೋ ನಡುವೆ ಬಂದರೆ ನಾನು ಆ ಪೊಟ್ಟಣವನ್ನು ಮತ್ತೆ ಕಪಾಟಿನಲ್ಲಿಡುತ್ತೇನೆ. ಆದರೆ ಧಾನ್ಯವೇ ಇಲ್ಲದ ಆಹಾರ ಶ್ರೇಷ್ಠ ಎಂಬ ಪ್ರಚಾರವನ್ನೂ ನಂಬುವುದಿಲ್ಲ. ನಾಯಿಗಳು ಬೇಯಿಸಿದ ಅಕ್ಕಿ, ಜೋಳಗಳನ್ನು ಚೆನ್ನಾಗಿಯೇ ಜೀರ್ಣಿಸಿಕೊಳ್ಳುತ್ತವೆ. ಧಾನ್ಯ ಬಿಟ್ಟು ಬಟಾಣಿ, ಬೇಳೆಗಳನ್ನು ಹೆಚ್ಚಾಗಿ ಹಾಕಿದ ಆಹಾರಗಳಿಗೂ ನಾಯಿಗಳ ಹೃದಯ ಹಿಗ್ಗುವ ಕಾಯಿಲೆಗೂ ಸಂಬಂಧವಿದೆಯೇ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರಲ್ಲಿ ತನಿಖೆ ಆರಂಭಿಸಿತು. ಕಾರಣ ಇದೇ ಎಂದು ಸಾಬೀತಾಗಿಲ್ಲವಾದರೂ, ಹೆಚ್ಚು ಹಣ ಕೊಟ್ಟು ಅಂಥದ್ದನ್ನೇ ತರುವ ಅಗತ್ಯ ನನಗೆ ಕಾಣುವುದಿಲ್ಲ.

ಇನ್ನು ಕ್ಯಾಲೊರಿ. ಕೆಲವು ಪೊಟ್ಟಣಗಳ ಮೇಲೆ ಅದನ್ನು ಬರೆದಿರುತ್ತಾರೆ, ಬರೆಯದಿದ್ದರೆ ನಾವೇ ಅಂದಾಜು ಮಾಡಬಹುದು. ಒಂದು ಪೊಟ್ಟಣದಲ್ಲಿ ಪ್ರೋಟೀನ್ ಶೇ 24, ಕೊಬ್ಬು ಶೇ 12, ನಾರು ಶೇ 4, ತೇವಾಂಶ ಶೇ 10 ಎಂದಿದೆ ಎಂದುಕೊಳ್ಳೋಣ; ಬೂದಿಯ ಅಂಶ, ಅಂದರೆ ಸುಟ್ಟ ಮೇಲೆ ಉಳಿಯುವ ಖನಿಜಗಳು, ಬರೆದಿಲ್ಲದಿದ್ದರೆ ಶೇ 8 ಎಂದು ಹಿಡಿಯಬಹುದು. ಇವೆಲ್ಲ ಸೇರಿ 58. ನೂರರಲ್ಲಿ ಉಳಿದ 42 ಪಿಷ್ಟ. ಪ್ರೋಟೀನ್ ಮತ್ತು ಪಿಷ್ಟವನ್ನು 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ ಕೂಡಿದರೆ 84, 147 ಮತ್ತು 102 ಸೇರಿ 100 ಗ್ರಾಂಗೆ 333 ಕಿಲೋ ಕ್ಯಾಲೊರಿ ಆಗುತ್ತದೆ. ನಮ್ಮ 5 ಕಿಲೋ ನಾಯಿಯ 374ರಲ್ಲಿ ಹತ್ತನೆಯ ಒಂದು ಭಾಗವನ್ನು ತಿನಿಸಿಗೆಂದು ಬಿಟ್ಟರೆ ಉಳಿದದ್ದು 337. ಅದಕ್ಕೆ ಸುಮಾರು 101 ಗ್ರಾಂ ಸಾಕು. ಇದೇ ನಾಯಿಗೆ ಪ್ರೋಟೀನ್ ಶೇ 28, ಕೊಬ್ಬು ಶೇ 18 ಇದ್ದು ನಾರು, ತೇವಾಂಶ, ಬೂದಿ ಮೊದಲಿನಷ್ಟೇ ಇರುವ ಇನ್ನೊಂದು ಆಹಾರ ತಂದರೆ 100 ಗ್ರಾಂಗೆ ಸುಮಾರು 363 ಬರುವುದರಿಂದ 93 ಗ್ರಾಂ ಸಾಕಾಗುತ್ತದೆ. ಚೀಲ ಬದಲಾದರೂ ಲೋಟ ಬದಲಾಗದಿರುವುದೇ ಎಷ್ಟೋ ಮನೆಗಳಲ್ಲಿ ನಾಯಿ ಊದಿಕೊಳ್ಳಲು ಕಾರಣ. ದಿನಕ್ಕೆ 8 ಗ್ರಾಂ ಹೆಚ್ಚೆಂದರೆ ಅಂಗೈಯಲ್ಲಿ ಕೆಲವೇ ಕಾಳುಗಳು, ಆದರೆ ಅದು ಈ ನಾಯಿಯ ದಿನದ ಅಗತ್ಯದ ಶೇ 8ರಷ್ಟು. ಆದ್ದರಿಂದ ಲೋಟವನ್ನು ಬಿಟ್ಟು ಗ್ರಾಂ ತೋರಿಸುವ ಅಡುಗೆ ಮನೆಯ ಸಣ್ಣ ತಕ್ಕಡಿಯನ್ನು ಬಳಸಬೇಕು.

ಬೆಲೆಯನ್ನೂ ಹೀಗೆಯೇ ದಿನದ ಲೆಕ್ಕದಲ್ಲಿ ಹೋಲಿಸಬೇಕು. ಕಿಲೋಗೆ 400 ರೂಪಾಯಿಯ ಮೊದಲ ಆಹಾರ ದಿನಕ್ಕೆ 40 ರೂಪಾಯಿ ಆದರೆ, ಕಿಲೋಗೆ 500 ರೂಪಾಯಿಯ ಎರಡನೆಯದು 46 ರೂಪಾಯಿ ಆಗುತ್ತದೆ. ಕಿಲೋಗೆ 100 ರೂಪಾಯಿ ಎಂದು ಕಾಣುವ ಅಂತರ ತಟ್ಟೆಯಲ್ಲಿ 6 ರೂಪಾಯಿಗೆ ಇಳಿಯುತ್ತದೆ. ಈ ನಾಯಿ ತಿಂಗಳಿಗೆ ತಿನ್ನುವುದೇ 3 ಕಿಲೋ, ಹಾಗಾಗಿ ರಿಯಾಯಿತಿಗೆ ಮರುಳಾಗಿ 10 ಕಿಲೋ ಚೀಲ ತಂದರೆ ಅದು ಮೂರು ತಿಂಗಳಿಗೂ ಮೀರಿ ಬಿದ್ದಿರುತ್ತದೆ. ಗಾಳಿ ತಾಗಿದ ಕೊಬ್ಬು ಕಮಟು ವಾಸನೆಗೆ ತಿರುಗುತ್ತದೆ. ಮಲೆನಾಡು, ಕರಾವಳಿಗಳ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯಬಹುದು, ಕೆಲವು ಬೂಷ್ಟುಗಳಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ನಾಯಿಯ ಯಕೃತ್ತನ್ನು ಹಾಳುಮಾಡುತ್ತದೆ. ಒಂದೂವರೆ ತಿಂಗಳಲ್ಲಿ ಮುಗಿಯುವಷ್ಟೇ ತಂದು, ಮೂಲ ಪೊಟ್ಟಣದ ಬಾಯಿ ಬಿಗಿದು, ಪೊಟ್ಟಣ ಸಮೇತ ಡಬ್ಬದಲ್ಲಿ ಇಡುವುದು ಕ್ಷೇಮ.

ಕಾಳಿನ ಗಾತ್ರ ಸಣ್ಣ ಸಂಗತಿಯಾಗಿ ಕಂಡರೂ ನಾಯಿಯ ಬಾಯಿಗೆ ಅದು ದೊಡ್ಡದು. ದೊಡ್ಡ ತಳಿಯ ಕಾಳನ್ನು ಚಿವಾವಾ ಕಡಿಯಲಾರದೆ ನುಂಗಲು ಹೋಗಿ ಕೆಮ್ಮುತ್ತದೆ. ಚಪ್ಪಟೆ ಮೂತಿಯ ಪಗ್ ಚಿಕ್ಕ ಕಾಳನ್ನು ಹೆಕ್ಕಲು ಒದ್ದಾಡುವುದೂ ಉಂಟು. ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಕೊಟ್ಟರೆ ಎರಡೂ ತೊಂದರೆ ತಪ್ಪುತ್ತದೆ, ಜೊತೆಗೆ ನೀರೂ ಹೊಟ್ಟೆಗೆ ಸೇರುತ್ತದೆ. ಶಿ ತ್ಸು, ಲಾಸಾ ಆಪ್ಸೊ, ಯಾರ್ಕ್‌ಶೈರ್ ಟೆರಿಯರ್ ತಳಿಗಳಲ್ಲಿ ಮೂತ್ರಕೋಶದ ಕಲ್ಲು ಹೆಚ್ಚಾಗಿ ಕಾಣಿಸಿಕೊಳ್ಳುವುದರಿಂದ ಅವುಗಳಿಗೆ ಹೀಗೆ ನೀರುಣಿಸುವುದು ಬಹಳ ಉಪಯುಕ್ತ. ಒಣ ಆಹಾರ ಕಡಿದರೆ ಹಲ್ಲು ತಾನಾಗಿ ಶುಚಿಯಾಗುತ್ತದೆ ಎಂಬ ನಂಬಿಕೆಯಿಂದ ನೆನೆಸಲು ಹಿಂಜರಿಯಬೇಡಿ. ಸಾಮಾನ್ಯ ಕಾಳು ಹಲ್ಲಿನ ತುದಿಗೆ ತಾಗಿ ಪುಡಿಯಾಗುತ್ತದೆಯೇ ಹೊರತು ಒಸಡಿನ ಅಂಚಿನ ಕೊಳೆಯನ್ನು ತೆಗೆಯುವುದಿಲ್ಲ. ಅದಕ್ಕೆ ನಾಯಿಗಳ ಪೇಸ್ಟಿನಿಂದ ಹಲ್ಲುಜ್ಜುವುದೇ ದಾರಿ.

ಮನೆಯ ಅಡುಗೆಯ ಮಾತು

ನಮ್ಮಲ್ಲಿ ತಲೆಮಾರುಗಳಿಂದ ನಾಯಿಗಳು ಮನೆಯ ಅನ್ನವನ್ನೇ ತಿಂದು ಬದುಕಿವೆಯಲ್ಲ ಎಂಬ ಪ್ರಶ್ನೆಯನ್ನು ಅಮ್ಮ ಕೇಳಿದರು, ಅದು ಗೌರವದಿಂದ ಉತ್ತರಿಸಬೇಕಾದ ಪ್ರಶ್ನೆ. ಆ ನಾಯಿಗಳು ಹಿತ್ತಿಲು, ಗದ್ದೆಗಳಲ್ಲಿ ಅಲೆದು ಇಲಿ, ಏಡಿ, ಮೂಳೆ ಎಂದು ಇನ್ನೇನೇನನ್ನೋ ಹುಡುಕಿ ತಿನ್ನುತ್ತಿದ್ದವು. ಬಾಗಿಲು ಹಾಕಿದ ಮನೆಯ ನಾಯಿಗೆ ತಟ್ಟೆಯಲ್ಲಿ ಇಟ್ಟದ್ದಷ್ಟೇ ಗತಿ. ಹಾಲು ಅನ್ನದ ಲೆಕ್ಕ ನೋಡೋಣ. 150 ಗ್ರಾಂ ಅನ್ನ, 150 ಮಿಲಿ ಹಾಲು ಸೇರಿದರೆ ಸುಮಾರು 300 ಕಿಲೋ ಕ್ಯಾಲೊರಿ ಸಿಗುತ್ತದೆ, ಪ್ರೋಟೀನ್ 9 ಗ್ರಾಂ ಆಸುಪಾಸು. ಅಷ್ಟು ಕ್ಯಾಲೊರಿಯ ಜೊತೆ ವಯಸ್ಕ ನಾಯಿಗೆ ಕನಿಷ್ಠ 13.5 ಗ್ರಾಂ ಪ್ರೋಟೀನ್ ಬೇಕು; ಕ್ಯಾಲ್ಸಿಯಂ ಬೇಕಾದದ್ದರ ಅರ್ಧದಷ್ಟು ಮಾತ್ರ ಆಗುತ್ತದೆ. ಹೊಟ್ಟೆ ತುಂಬಿತು, ಮೈ ದಪ್ಪವಾಯಿತು, ಸ್ನಾಯು ಮಾತ್ರ ಸೊರಗಿತು ಎಂಬ ಸ್ಥಿತಿ ಬರುವುದು ಹೀಗೆ. ಬೆಳೆದ ನಾಯಿಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆ ಜೀರ್ಣವಾಗದೆ ಭೇದಿಯೂ ಆಗುತ್ತದೆ. ಮೊಸರು ಅದಕ್ಕಿಂತ ಮೇಲು.

ರಾಗಿಯ ಮೇಲೆ ನನಗೂ ಅಭಿಮಾನವಿದೆ. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ ಲೆಕ್ಕದ ಮಟ್ಟಿಗೆ ಅದು ಅಕ್ಕಿಗಿಂತ ಬಹಳ ಮುಂದಿದೆ. ಆದರೆ ರಾಗಿಯಲ್ಲಿರುವ ಫೈಟೇಟ್ ಎಂಬ ವಸ್ತು ಆ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತಲು ಬಿಡುವುದಿಲ್ಲ, ಪ್ರೋಟೀನ್ ಕೂಡ 7 ಗ್ರಾಂ ಮಾತ್ರ. ಅಂಬಲಿಯನ್ನು ತಿನಿಸಾಗಿ ಒಂದೆರಡು ಚಮಚ ಕೊಡಬಹುದು, ಊಟವೆಂದು ಅದನ್ನೇ ಕೊಡಲಾಗದು.

ಕೋಳಿ ಅನ್ನವನ್ನು ಬಹಳ ಜನ ಉತ್ತಮ ಆಹಾರವೆಂದು ತಿಳಿದಿದ್ದಾರೆ, ಪ್ರೋಟೀನಿನ ಮಟ್ಟಿಗೆ ಅದು ನಿಜವೂ ಹೌದು. ಆದರೆ ಬರಿಯ ಮಾಂಸದಲ್ಲಿ ರಂಜಕ ಕ್ಯಾಲ್ಸಿಯಂಗಿಂತ ಹತ್ತು ಪಟ್ಟಿಗೂ ಹೆಚ್ಚು. ನಾಯಿಗೆ ಬೇಕಾದದ್ದು ಕ್ಯಾಲ್ಸಿಯಂ ರಂಜಕದಷ್ಟು ಅಥವಾ ಅದರ ಎರಡರಷ್ಟು ಇರುವ ಆಹಾರ. ತಿಂಗಳುಗಟ್ಟಲೆ ಹೀಗೆ ನಡೆದರೆ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಸೆಳೆದುಕೊಳ್ಳುತ್ತದೆ, ಬೆಳೆಯುವ ಮರಿಯ ಕಾಲು ಸೋಫಾದಿಂದ ಹಾರಿದ್ದಕ್ಕೇ ಮುರಿಯಬಹುದು. ಮೊಟ್ಟೆ ಚಿಪ್ಪನ್ನು ಬೇಯಿಸಿ ಒಣಗಿಸಿ ನುಣ್ಣಗೆ ಪುಡಿ ಮಾಡಿದರೆ ಕಾಲು ಟೀ ಚಮಚದಲ್ಲಿ ಸುಮಾರು 450 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ, 5 ಕಿಲೋದ ವಯಸ್ಕ ನಾಯಿಯ ದಿನದ ಅಗತ್ಯಕ್ಕೆ ಅದು ಹತ್ತಿರ. ಆಮೇಲೂ ಸತು, ತಾಮ್ರ, ಅಯೋಡಿನ್, ಡಿ ಮತ್ತು ಇ ಜೀವಸತ್ವಗಳ ಕೊರತೆ ಉಳಿಯುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 2013ರಲ್ಲಿ ಪುಸ್ತಕಗಳು, ಜಾಲತಾಣಗಳಿಂದ ಆಯ್ದ 200 ಮನೆ ಅಡುಗೆಯ ಪಾಕಗಳನ್ನು ಪರಿಶೀಲಿಸಿದಾಗ ಶೇ 95ರಷ್ಟರಲ್ಲಿ ಒಂದಲ್ಲ ಒಂದು ಅವಶ್ಯ ಪೋಷಕಾಂಶ ಕಡಿಮೆಯಿತ್ತು, ಅವುಗಳಲ್ಲಿ ಪಶುವೈದ್ಯರು ಬರೆದ ಪಾಕಗಳೂ ಇದ್ದವು. ಮನೆಯ ಅಡುಗೆಯನ್ನೇ ಹಾಕಬೇಕೆಂಬ ಸಂಕಲ್ಪವಿದ್ದರೆ, ಪಶು ಆಹಾರ ತಜ್ಞರಿಂದ ನಿಮ್ಮ ನಾಯಿಗೆಂದೇ ಪಾಕ ಬರೆಸಿಕೊಂಡು, ಅವರು ಹೇಳಿದ ಖನಿಜ ಮಿಶ್ರಣ ಸೇರಿಸಿ, ಒಂದು ಪದಾರ್ಥವನ್ನೂ ಬದಲಿಸದೆ ನಡೆಸಬೇಕು.

ನಾವು ತಿನ್ನುವ ಸಾರು, ಹುಳಿ, ಪಲ್ಯಗಳನ್ನು ಅನ್ನಕ್ಕೆ ಕಲಸಿ ಹಾಕುವುದನ್ನು ಮಾತ್ರ ಪೂರ್ತಿ ನಿಲ್ಲಿಸಲೇಬೇಕು. ಈರುಳ್ಳಿ, ಬೆಳ್ಳುಳ್ಳಿ ಹಸಿಯಾಗಿರಲಿ ಬೆಂದಿರಲಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮೈತೂಕದ ಶೇ 0.5ಕ್ಕಿಂತ ಹೆಚ್ಚು ಈರುಳ್ಳಿ ಒಮ್ಮೆಗೇ ಹೋದರೆ ಅಪಾಯ. 3 ಕಿಲೋ ನಾಯಿಗೆ ಅದು 15 ಗ್ರಾಂ, ಅಂದರೆ ಎರಡು ಮೂರು ಸಾಂಬಾರ್ ಈರುಳ್ಳಿ. ದ್ರಾಕ್ಷಿ, ಒಣದ್ರಾಕ್ಷಿಗಳಿಂದ ಮೂತ್ರಪಿಂಡ ಕೆಡಬಹುದು, ಅದಕ್ಕೆ ಅವುಗಳಲ್ಲಿನ ಟಾರ್ಟಾರಿಕ್ ಆಮ್ಲ ಕಾರಣವೆಂದು ಸಂಶಯಿಸಲಾಗಿದೆ. ಹುಣಸೆಹಣ್ಣಿನಲ್ಲೂ ಅದೇ ಆಮ್ಲ ಹೇರಳವಾಗಿದೆ ಎಂಬುದನ್ನು ಹುಳಿ ಸಾರಿನ ಊರಿನವರಾದ ನಾವು ಗಮನಿಸಬೇಕು. ಹಬ್ಬದ ದಿನ ಪಾಯಸದ ತಳದಲ್ಲಿ ಉಳಿದ ನಾಲ್ಕು ದ್ರಾಕ್ಷಿಯನ್ನು ಪ್ರೀತಿಯಿಂದ ನಾಯಿಗೆ ಹಾಕುವ ಕೈಯನ್ನು ತಡೆಯಿರಿ. ಚಾಕೊಲೇಟು, ಕಾಫಿಪುಡಿ, ಸಕ್ಕರೆರಹಿತ ಚ್ಯೂಯಿಂಗ್ ಗಮ್ಮಿನ ಕ್ಸೈಲಿಟಾಲ್ ಎಂಬ ಸಿಹಿಕಾರಕ, ಒಡೆದು ಚೂಪಾಗುವ ಬೆಂದ ಕೋಳಿ ಮೂಳೆ ಇವೂ ಬೇಡ. ಕರಿದ ತಿಂಡಿ, ತುಪ್ಪಗಳಿಂದ ಸಣ್ಣ ತಳಿಗಳಲ್ಲಿ ಮೇದೋಜ್ಜೀರಕ ಗ್ರಂಥಿಯ ಉರಿಯೂತ ಬರುವ ಸಾಧ್ಯತೆಯಿದೆ. ಒಂದು ಟೀ ಚಮಚ ತುಪ್ಪವೇ 40 ಕಿಲೋ ಕ್ಯಾಲೊರಿ.

ಬಿಸ್ಕತ್ತಿನ ಲೆಕ್ಕ ಕೇಳಿ ನಮ್ಮ ಮಕ್ಕಳು ನಿಜಕ್ಕೂ ಬೇಸರಪಟ್ಟರು. ಒಂದು ಸಣ್ಣ ಗ್ಲೂಕೋಸ್ ಬಿಸ್ಕತ್ತು 20ರಿಂದ 25 ಕಿಲೋ ಕ್ಯಾಲೊರಿ. ನಾಲ್ಕು ಕೊಟ್ಟರೆ 4 ಕಿಲೋ ನಾಯಿಯ ದಿನದ ಅಗತ್ಯದ ಮೂರರಲ್ಲಿ ಒಂದು ಭಾಗದ ಹತ್ತಿರ ಬರುತ್ತದೆ. ಈಗ ಅವರು ಬಿಸ್ಕತ್ತಿನ ಬದಲು ಬೇಯಿಸಿದ ಹುರುಳಿಕಾಯಿ, ಸೌತೆಕಾಯಿ ಚೂರು, ಬೆಂದ ಮೊಟ್ಟೆಯ ಬಿಳಿಯ ತುಣುಕು ಕೊಡುತ್ತಾರೆ. ನಾಯಿಗೆ ಬೇಕಾದದ್ದು ಅವರ ಕೈಯಿಂದ ಸಿಗುವ ತುತ್ತು, ಅದು ಏನೆಂಬುದರಲ್ಲಿ ಅದಕ್ಕೆ ತಕರಾರಿಲ್ಲ.

ಹೊಸ ಆಹಾರಕ್ಕೆ ಬದಲಾಯಿಸುವಾಗ

ಹೊಸ ಆಹಾರವನ್ನು ಒಂದೇ ದಿನಕ್ಕೆ ಬದಲಿಸಿದರೆ ಭೇದಿಯಾಗುತ್ತದೆ. ಮೊದಲ ಎರಡು ದಿನ ಕಾಲು ಭಾಗ ಹೊಸತು, ಮುಂದಿನ ಎರಡು ದಿನ ಅರ್ಧ, ಆಮೇಲೆ ಎರಡು ದಿನ ಮುಕ್ಕಾಲು, ಏಳನೆಯ ದಿನ ಪೂರ್ತಿ ಎಂಬ ಕ್ರಮ ಸಾಕು. ಹೊಟ್ಟೆ ಸೂಕ್ಷ್ಮವಾಗಿದ್ದರೆ ಎರಡು ವಾರ ತೆಗೆದುಕೊಳ್ಳಿರಿ. ಮಲ ಗಟ್ಟಿಯಾಗಿ, ಎತ್ತಿದರೆ ನೆಲಕ್ಕೆ ಹೆಚ್ಚು ಅಂಟದಂತಿದ್ದರೆ ಆಹಾರ ಒಗ್ಗಿತು ಎಂದು ತಿಳಿಯಬಹುದು. ಕಿವಿ, ಪಾದಗಳನ್ನು ಸದಾ ಕೆರೆದು ನೆಕ್ಕುತ್ತಿದ್ದರೆ ಆಹಾರವನ್ನು ಮತ್ತೆ ಮತ್ತೆ ಬದಲಿಸುವ ಮೊದಲು ವೈದ್ಯರನ್ನು ಕಾಣಬೇಕು. ಆಹಾರದ ಅಲರ್ಜಿಯೋ ಚಿಗಟದ ಕಾಟವೋ ಎಂಬುದು ಮನೆಯಲ್ಲಿ ಕುಳಿತು ತೀರ್ಮಾನವಾಗುವುದಿಲ್ಲ.

ನಮ್ಮ ಮನೆಯಲ್ಲಿ ಕೆಲಸ ಮಾಡಿದ ಒಂದು ಉಪಾಯವಿದೆ. ಬೆಳಿಗ್ಗೆ ಎದ್ದ ಕೂಡಲೇ ನಾಯಿಯ ಇಡೀ ದಿನದ ಆಹಾರವನ್ನು ತೂಗಿ ಒಂದು ಸ್ಟೀಲ್ ಡಬ್ಬದಲ್ಲಿ ಇಡುತ್ತೇವೆ. ಯಾರು ಎಷ್ಟು ಹೊತ್ತಿಗೆ ಕೊಡುವುದಾದರೂ ಆ ಡಬ್ಬದಿಂದಲೇ ಕೊಡಬೇಕು. ಅಮ್ಮ ಮಧ್ಯಾಹ್ನ ತಮ್ಮ ಊಟವಾದ ಮೇಲೆ ಅದರಿಂದ ಒಂದು ಹಿಡಿ ತೆಗೆದು, ಮೇಲೊಂದು ಚಮಚ ಮೊಸರು ಹಾಕಿ ಬೆರೆಸಿ ಇಡುತ್ತಾರೆ. ನಾಯಿಗೂ ಅವರಿಗೂ ಹಳೆಯ ಹೊತ್ತು ತಪ್ಪಲಿಲ್ಲ. ತೂಕ ಇಳಿಸುವ ಕಾಲದಲ್ಲಿ ಆ ಡಬ್ಬದಲ್ಲಿ 5 ಕಿಲೋ ಗುರಿಯ ತೂಕದ ನಾಯಿ ಸುಮ್ಮನೆ ಮಲಗಿದ್ದರೂ ಬೇಕಾಗುವ 234 ಕಿಲೋ ಕ್ಯಾಲೊರಿಯಷ್ಟು ಮಾತ್ರ ಇರುತ್ತಿತ್ತು, ಅದನ್ನು ನಿಗದಿ ಮಾಡಿದವರು ವೈದ್ಯರು. ವಾರಕ್ಕೆ ಮೈತೂಕದ ಶೇ 1ರಿಂದ 2ಕ್ಕಿಂತ ವೇಗವಾಗಿ ಇಳಿಸಬಾರದಾದ್ದರಿಂದ ಐದು ತಿಂಗಳು ಹಿಡಿಯಿತು. ಮೂರನೆಯ ತಿಂಗಳ ಹೊತ್ತಿಗೇ ಮೆಟ್ಟಿಲ ಮೇಲಿನ ಕೆಮ್ಮು ವಿರಳವಾಯಿತು.

ಎರಡು ವಾರಕ್ಕೊಮ್ಮೆ, ಒಂದೇ ಹೊತ್ತಿಗೆ, ಊಟಕ್ಕೆ ಮೊದಲು ತೂಕ ನೋಡಿರಿ. ನೀವು ನಾಯಿಯನ್ನು ಎತ್ತಿಕೊಂಡು ನಿಂತು ಬಂದ ತೂಕದಿಂದ ನಿಮ್ಮ ತೂಕವನ್ನು ಕಳೆಯಬಹುದು, ಆದರೆ ಮನೆಯ ತೂಕದ ಯಂತ್ರಗಳು 100 ಗ್ರಾಂ ಆಚೀಚೆ ತೋರಿಸುತ್ತವೆ. 3 ಕಿಲೋದೊಳಗಿನ ನಾಯಿಯನ್ನು ಬುಟ್ಟಿಯಲ್ಲಿ ಕೂರಿಸಿ ಅಡುಗೆ ಮನೆಯ ತಕ್ಕಡಿಯಲ್ಲೋ ಪಶು ಚಿಕಿತ್ಸಾಲಯದ ತಕ್ಕಡಿಯಲ್ಲೋ ತೂಗುವುದು ಮೇಲು. ತೂಕ ಏರುತ್ತಿದ್ದರೆ ದಿನದ ಆಹಾರವನ್ನು ಹತ್ತನೆಯ ಒಂದು ಭಾಗ ಕಡಿಮೆ ಮಾಡಿ, ಮತ್ತೆ ಎರಡು ವಾರ ಕಾದು ನೋಡಿರಿ. ಆಹಾರ ಕಡಿಮೆ ಮಾಡದೆಯೇ ತೂಕ ಇಳಿಯುತ್ತಿದ್ದರೆ, ನೀರು ಕುಡಿಯುವುದು ಇದ್ದಕ್ಕಿದ್ದಂತೆ ಹೆಚ್ಚಿದರೆ, ವಯಸ್ಕ ನಾಯಿ ಒಂದಿಡೀ ದಿನ ಊಟ ಮುಟ್ಟದಿದ್ದರೆ, ಮರಿಯಾದರೆ ಎರಡು ಹೊತ್ತು ಬಿಟ್ಟರೂ, ಬೇರೆ ಆಹಾರ ತಂದು ರುಚಿ ನೋಡಿಸುತ್ತ ಕೂರದೆ ಅಂದೇ ಪಶುವೈದ್ಯರಿಗೆ ತೋರಿಸಿರಿ. ಹೋಗುವಾಗ ಪೊಟ್ಟಣದ ಹಿಂಬದಿಯ ಫೋಟೋ ಮತ್ತು ತೂಕ ಬರೆದಿಟ್ಟ ಚೀಟಿಯನ್ನು ಜೊತೆಗೆ ಒಯ್ಯಿರಿ.